ಒದ್ದೆ ಉಣ್ಣೆಯೂ ಒಣ ತಿಳಿವಳಿಕೆಯೂ

ವಿಷಯ ತಿಳಿದವರಿಗೆ ಸುಮ್ಮನೆ ಕೂರುವುದು ಬಹಳ ಕಷ್ಟ. ನಾನು ಬಹ್ರೇನಿನ ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಮದುವೆ ಊಟಕ್ಕೆ ಹೋದರೂ ಮೊದಲು ನೋಡುವುದು ಪಾಯಸವನ್ನಲ್ಲ, ಛತ್ರದ ವಯರಿಂಗನ್ನು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ವರ್ಷಾನುಗಟ್ಟಲೆ ಜನರಿಗೆ ಕಲಿಸಿದ್ದೇನೆ. ಆ ವಿಷಯದಲ್ಲಿ ನನ್ನ ಜ್ಞಾನಕ್ಕೆ ಈಗಲೂ ಕೊರತೆಯಿಲ್ಲ. ಕೊರತೆ ಬೇರೆ ಕಡೆ ಇದೆ ಎಂದು ತಿಳಿದದ್ದು ಮಾತ್ರ ಬಟ್ಟೆಯಲ್ಲಿ ಚಿತ್ರ ಮಾಡುವ ಕಲೆ ಕಲಿಯಲು ಹೋದಾಗ.

ಇಲ್ಲಿನ ಜಿಂಜ್ ಬಡಾವಣೆಯಲ್ಲಿರುವ ಲವೀನಾ ಬಾಯಿ ಕುಂದಾಪುರದ ಕಡೆಯವರು, ಎಲ್ಲರೂ ಗೌರವದಿಂದ ಬಾಯಿ ಎಂದೇ ಕರೆಯುತ್ತಾರೆ. ಕೆಲಸದಲ್ಲಿ ನರ್ಸು, ರಜೆಯ ದಿನ ಕಲಾವಿದೆ. ಉಣ್ಣೆ, ಬಣ್ಣ, ಕಾಗದ, ಹಳೆ ಸೀರೆಯ ತುಂಡು ಎಲ್ಲವನ್ನೂ ಸೇರಿಸಿ ಚಿತ್ರ ಮಾಡುವ ವರ್ಕ್‌ಶಾಪನ್ನು ತಮ್ಮ ಫ್ಲ್ಯಾಟಿನಲ್ಲೇ ಇಟ್ಟಿದ್ದರು. ನನ್ನ ಹೆಂಡತಿ ಸರಿತಾ ಹೆಸರು ಕೊಟ್ಟಳು. ಜೊತೆಗೆ ನಾನೂ ಹೋದೆ. ಉಣ್ಣೆಯನ್ನು ಸೋಪಿನ ನೀರಿನಲ್ಲಿ ನೆನೆಸಿ ಗಂಟೆಗಟ್ಟಲೆ ಉಜ್ಜಿದರೆ ದಪ್ಪ ಕಂಬಳಿಯ ಹಾಗಾಗುತ್ತದೆ. ಅದರ ಮೇಲೆ ಕೂರಿಸಲು ಪಾಲಿಯೆಸ್ಟರ್ ತುಂಡುಗಳ ಅಂಚನ್ನು ಮೇಣದಬತ್ತಿಗೆ ಹಿಡಿದು ಸುರುಳಿ ಮಾಡಿದರೆ ಹೂವಿನ ಎಸಳು ಸಿದ್ಧ. ಒಳಗೆ ಕಾಲಿಟ್ಟವನೇ ನಾನು ನೆಲದ ಮೇಲಿದ್ದ ನೀರಿನ ಟಬ್ಬನ್ನು ಬಾತ್‌ರೂಮಿಗೆ ಸಾಗಿಸಿದೆ. ಅಲ್ಲೇ ಇರಲಿ ಎಂದು ಬಾಯಿ ಹೇಳಿದರು. ನೆಲ ಒದ್ದೆಯಾದರೆ ಜಾರುತ್ತದೆ ಎಂದು ನಾನು ವಿವರಿಸಿದೆ, ಉದಾಹರಣೆ ಸಹಿತ. ಐವರು ಹೆಂಗಸರು ಉಜ್ಜುವುದನ್ನು ನಿಲ್ಲಿಸಿ ಕೇಳಿದರು. ಒಬ್ಬರು ಆಕಳಿಸಿದರು ಎಂದು ಸರಿತಾ ಆಮೇಲೆ ಹೇಳಿದಳು.

ಕತ್ತರಿಗಾಗಿ ಸರಿತಾ ಮೇಜಿನ ಮೇಲೆ ಬಾಗಿದಾಗ ಅವಳ ದುಪಟ್ಟಾದ ತುದಿ ಉರಿಯುತ್ತಿದ್ದ ಮೇಣದಬತ್ತಿಗೆ ತಾಗಿತು. ಬೆರಳುದ್ದದ ಉರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೊಳದುದ್ದವಾಗಿ ಭುಜದ ಕಡೆ ಏರಿತು. ನಾನು ಗಟ್ಟಿ ದನಿಯಲ್ಲಿ, ತರಬೇತಿಯಲ್ಲಿ ಹೇಳುವ ಹಾಗೆಯೇ, ಗಾಬರಿಯಾಗದೆ ಎಲ್ಲರೂ ಹೊರಗೆ ಬನ್ನಿ ಎಂದೆ. ಮೆಟ್ಟಿಲ ಬಳಿ ತಲುಪಿ ನಿಯಮದಂತೆ ತಲೆ ಎಣಿಸಿದೆ. ಒಂದೇ ಇತ್ತು, ನನ್ನದು.

ತಿರುಗಿ ಓಡಿ ಬಂದಾಗ ಬಾಯಿ ತಾವು ಬೆಳಗಿನಿಂದ ಉಜ್ಜಿದ್ದ ಒದ್ದೆ ಉಣ್ಣೆಯನ್ನು ಸರಿತಾಳ ಭುಜಕ್ಕೆ ಒತ್ತಿ ಹಿಡಿದಿದ್ದರು. ಚರ್ಮಕ್ಕೆ ಏನೂ ಆಗಿರಲಿಲ್ಲ. ಆ ಉಣ್ಣೆಯೇ ಬಾಯಿಯ ಚಿತ್ರ, ಅದರಲ್ಲಿದ್ದ ನೀಲಿ ಸಮುದ್ರದ ನಡುವೆ ಒಂದು ಕಪ್ಪು ದ್ವೀಪ ಎದ್ದಿತ್ತು. ಚೆನ್ನಾಗಿಯೇ ಕಾಣುತ್ತದೆ, ಹಾಗೇ ಇರಲಿ ಎಂದರು. ಟಬ್ಬಿನ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಆ ಉರಿ ಈಗಲೂ ದಿನಕ್ಕೆ ಹತ್ತು ಸಲ ನನ್ನ ಕಣ್ಣ ಮುಂದೆ ಏರುತ್ತದೆ. ಪ್ರತಿ ಸಲವೂ ನಾನು ನೆಗೆದು ದುಪಟ್ಟಾ ಕಿತ್ತೆಸೆಯುತ್ತೇನೆ, ಒಮ್ಮೆಯೂ ತಡಮಾಡಿಲ್ಲ.

ಅಂದು ಕಾರಿನಲ್ಲಿ ಮನೆಗೆ ಹೊರಟೆವು. ಗುದೈಬಿಯಾದ ಸಿಗ್ನಲ್ಲಿನಲ್ಲಿ ನಿಂತಾಗ ಸರಿತಾ ಹೇಳಿದಳು: "ಹೆದರಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೆ. ಇನ್ನೊಮ್ಮೆ ಓಡುವಾಗ ನನ್ನನ್ನೂ ಕರ್ಕೊಂಡು ಓಡಿ."

ಹಾಗಾಗಿ ಈಗ ಅವಳು ಒಲೆ ಹಚ್ಚುವಾಗಲೆಲ್ಲ ಹೋಗಿ ಜೊತೆಗೆ ನಿಲ್ಲುತ್ತೇನೆ. ಇನ್ನು ನಾನು ಅಲುಗುವವನಲ್ಲ ಎಂಬ ಭರವಸೆ ನನಗೆ ಪೂರ್ತಿ ಇದೆ. ಮೊನ್ನೆ ದೋಸೆ ಹೊಯ್ಯುತ್ತಾ ಅವಳು ತಿರುಗಿ ನೋಡಿ, ನೀವು ನಿಂತದ್ದು ನನ್ನ ಪಕ್ಕದಲ್ಲಲ್ಲ, ಬಾಗಿಲಲ್ಲಿ ಎಂದಳು.