ಅಕ್ಕನ ಹೊಲಿಗೆಗೆ ಕೆಂಪು ಬಾಣ

ಬೇರೆಯವರ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಮನೆಗೆ ಬಂದ ಮೇಲಾದರೂ ಸುಮ್ಮನಿರಬೇಕು. ನನಗೆ ಆ ಸಂಯಮ ಬರಲಿಲ್ಲ. ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಚೆಕ್ಕರ್. ಹೊಲಿದು ಬಂದ ಪ್ಯಾಂಟನ್ನು ಮೇಜಿನ ಮೇಲೆ ಹರಡಿ, ಎಲ್ಲಿ ಹೊಲಿಗೆ ಹಾರಿದೆಯೋ, ಎಲ್ಲಿ ಜೇಬು ಸೊಟ್ಟಗಿದೆಯೋ ಅಲ್ಲಿಗೆ ಗುರಿ ಇಟ್ಟು ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಉದ್ಯೋಗ. ಬಾಣ ಬಿದ್ದ ಪೀಸು ಹೊಲಿದವರ ಕೈಗೇ ವಾಪಸು ಹೋಗುತ್ತದೆ. ಅವರು ಬಿಚ್ಚಿ ಮತ್ತೆ ಹೊಲಿಯಬೇಕು. ಅದಕ್ಕೆ ಆಲ್ಟ್ರೇಷನ್ ಎನ್ನುತ್ತಾರೆ. ಈಚೆಗೆ ಹರಿದ ಪ್ಯಾಂಟಿನ ಫ್ಯಾಷನ್ ಬಂದಮೇಲೆ ನನ್ನ ತಲೆ ಇನ್ನಷ್ಟು ಕೆಟ್ಟಿದೆ. ಮೊಣಕಾಲಿನ ಹತ್ತಿರ ಹರಿದಿರಬೇಕಾದ ಪ್ಯಾಂಟು ಹರಿದಿರದಿದ್ದರೆ ಅದಕ್ಕೂ ಬಾಣ! ಇಂಥ ನ್ಯಾಯಾಧೀಶನು ಮನೆಯಲ್ಲಿ ಊಟಕ್ಕೆ ಕೂತು ರೊಟ್ಟಿಯ ಅಂಚನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದರೆ ಸಾಕು, ನನ್ನ ಹೆಂಡತಿ ಸುಮಂಗಲ, "ಬಾಣ ತಂದೀರೇನ್ರೀ? ಅಂಟಿಸ್ರಿ, ಮತ್ತ ಹಂಚಿಗೆ ಹಾಕ್ತೀನಿ" ಎನ್ನುತ್ತಾಳೆ. ಅವಳು ರಾಯದುರ್ಗದವಳೇ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಜೀನ್ಸಿಗೆ ಜೇಬು ಹೊಲಿಯುತ್ತಾಳೆ. ಹಾಗಾಗಿ ಚೆಕ್ಕರ್‌ಗಳ ಬಗ್ಗೆ ಅವಳಿಗೆ ಮೊದಲಿನಿಂದಲೂ ಗೌರವ ಕಡಿಮೆ.

ಈ ಚಟ ರೊಟ್ಟಿಗೇ ನಿಂತಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ನನ್ನ ಹತ್ತಿರ ಒಂದು ಟ್ರಂಕಿನ ತುಂಬ ಹಳೆಯ ಚಿತ್ರಕಥೆ ಪುಸ್ತಕಗಳಿವೆ. ರಾಕ್ಷಸರು, ರಾಜಕುಮಾರಿಯರು, ಮೀಸೆಯ ಪತ್ತೇದಾರರು. ಎಲ್ಲವೂ ನಮ್ಮಕ್ಕ ತಂದುಕೊಟ್ಟವು. ನಮ್ಮೂರು ಆಂಧ್ರದ ಗಡಿಯ ಮಡಕಶಿರದ ಕಡೆ, ಹೇಮಾವತಿ ಎಂಬ ಊರಿನ ಹತ್ತಿರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಮಾತಿಗೆ ಒಂದು ಭಾಷೆ, ಮೇಷ್ಟರ ಏಟಿಗೆ ಇನ್ನೊಂದು. ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿದ ಮೇಲೆ ಹಬ್ಬಕ್ಕೆ ಬರುವಾಗಲೆಲ್ಲ ಫುಟ್‌ಪಾತಿನಲ್ಲಿ ಆರಿಸಿದ ಪುಸ್ತಕಗಳನ್ನು ಬ್ಯಾಗಿನ ತಳದಲ್ಲಿಟ್ಟು ತರುತ್ತಿದ್ದಳು. ಓದುವ ಕನ್ನಡ ನಾನು ಕಲಿತದ್ದು ಅವುಗಳಿಂದಲೇ. ಮೊದಲು ಕಲಿತ ಪದ "ಆ! ಅಯ್ಯೋ!" ಎಂದು ಕಾಣುತ್ತದೆ, ರಾಕ್ಷಸ ಬಿದ್ದಾಗಲೆಲ್ಲ ಅದೇ ಇರುತ್ತಿತ್ತು.

ಮೊದಲ ಸಲ ತಂದ ಪುಸ್ತಕದ ತುಕ್ಕು ಹಿಡಿದ ಪಿನ್ನು ನನ್ನ ಬೆರಳಿಗೆ ಚುಚ್ಚಿತು. ನಾನು ಊರು ಒಂದಾಗುವ ಹಾಗೆ ಅತ್ತೆನಂತೆ. ಅಕ್ಕ ಆ ಪುಸ್ತಕವನ್ನು ವಾಪಸು ಬೆಂಗಳೂರಿಗೆ ಒಯ್ದಳು. ಮುಂದಿನ ಹಬ್ಬಕ್ಕೆ ಅದು ಬಂದಾಗ ಪಿನ್ನೇ ಇರಲಿಲ್ಲ. ಬೆನ್ನಿನ ಉದ್ದಕ್ಕೂ ಗುಲಾಬಿ ದಾರದ ಹೊಲಿಗೆ ಇತ್ತು. ಊಟದ ಬಿಡುವಿನಲ್ಲಿ, ಸೂಪರ್‌ವೈಸರ್ ಆಚೆ ಹೋದಾಗ, ತನ್ನ ಮಷಿನ್ನಿಗೇ ಕೊಟ್ಟು ಹೊಲಿದಿದ್ದಳು. ಆಗ ಅವಳ ಲೈನಿನಲ್ಲಿ ಯಾವುದೋ ದೇಶದ ಮಕ್ಕಳ ಫ್ರಾಕು ಓಡುತ್ತಿತ್ತು, ಅದಕ್ಕೆ ಗುಲಾಬಿ. ಅಲ್ಲಿಂದ ಮುಂದೆ ಬಂದ ಪ್ರತಿ ಪುಸ್ತಕವೂ ಹೊಲಿಸಿಕೊಂಡೇ ಬಂತು. ಶರಟಿನ ಆರ್ಡರ್ ಇದ್ದ ವರ್ಷ ತಿಳಿನೀಲಿ, ಆಸ್ಪತ್ರೆಯ ಉಡುಪು ಹೊಲಿದ ವರ್ಷ ಹಸಿರು. ಅಕ್ಕ ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದಾಳೆಂದು ಅಮ್ಮ ಕೇಳಿದರೆ ನಾನು ಪುಸ್ತಕದ ಬೆನ್ನು ನೋಡಿ ಹೇಳುತ್ತಿದ್ದೆ.

ಇಷ್ಟು ವರ್ಷ ಸುಮ್ಮನಿದ್ದ ಟ್ರಂಕು ಬಾಯಿ ತೆರೆದದ್ದು ಫೋನಿನಿಂದ. ಬೆಂಗಳೂರಿನಲ್ಲಿ ಹಳೆಯ ಚಿತ್ರಕಥೆಗಳ ಸಂಗ್ರಾಹಕರೊಬ್ಬರಿದ್ದಾರೆ. ಅವರ ವಾಟ್ಸಾಪ್ ಗುಂಪಿಗೆ ಯಾರೋ ನನ್ನನ್ನು ಸೇರಿಸಿದರು. ಪ್ರದರ್ಶನ ಮಾಡುತ್ತೇವೆ, ನಿಮ್ಮ ಪುಸ್ತಕ ಒಳ್ಳೆಯ ದರ್ಜೆಯದಾದರೆ ನಿಮ್ಮ ಹೆಸರಿನ ಚೀಟಿಯೊಡನೆ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಎಂದರು. ಬೆಂಗಳೂರಿನಲ್ಲಿ, ಗಾಜಿನೊಳಗೆ, ನನ್ನ ಹೆಸರು! ನಾನು ತಕ್ಷಣ ದರ್ಜೆಯ ಶಾಸ್ತ್ರ ಕಲಿಯಲು ಕೂತೆ. ಯಾರೂ ಓದದೇ ಇಟ್ಟ ಪುಸ್ತಕಕ್ಕೆ 'ಮಿಂಟ್' ಎನ್ನುತ್ತಾರೆ. ಅದರ ಕೆಳಗೆ 'ಫೈನ್'. ಅದಕ್ಕೂ ಕೆಳಗೆ, ರಟ್ಟು ಮಡಚಿಹೋಗಿ, ಮೂಲೆ ಸವೆದು, ಕಲೆ ಬಿದ್ದು, ಆದರೂ ಒಂದು ಪುಟವೂ ಕಳೆದುಹೋಗದೆ ಉಳಿದ ಪುಸ್ತಕಕ್ಕೆ 'ಗುಡ್' ಎನ್ನುತ್ತಾರೆ. ಅಂದರೆ ಈ ಶಾಸ್ತ್ರದಲ್ಲಿ ಒಳ್ಳೆಯದು ಎಂದರೆ ಕೆಟ್ಟದ್ದು. ಮೊದಲು ನನಗೆ ವಿಚಿತ್ರವೆನಿಸಿತು, ಆಮೇಲೆ ನನ್ನ ಮದುವೆಯ ಮಾತುಕತೆ ನೆನಪಾಗಿ ಅರ್ಥವಾಯಿತು. ಸುಮಂಗಲಾಳ ಸೋದರಮಾವ ನನ್ನನ್ನು ನೋಡಿಕೊಂಡು ಹೋಗಿ, ಬಣ್ಣ, ಎತ್ತರ, ಹೊಲ, ನೌಕರಿ ಯಾವುದರ ಮಾತೂ ಎತ್ತದೆ, "ಹುಡುಗ ಒಳ್ಳೇವ ಅದಾನ" ಎಂದಷ್ಟೇ ಹೇಳಿದ್ದರಂತೆ.

ಒಂದು ಭಾನುವಾರ ಟ್ರಂಕನ್ನು ನಡುಮನೆಯಲ್ಲಿ ಬಿಚ್ಚಿ ದರ್ಜೆ ಕಟ್ಟಲು ಕೂತೆ. ರಾಜಕುಮಾರಿಯ ಕೆನ್ನೆಯ ಮೇಲೆ ಕಡಲೆಕಾಯಿ ಎಣ್ಣೆ. ಪತ್ತೇದಾರನ ಟೋಪಿಗೆ ಮುದ್ದೆ ತಿಂದ ಕೈಯ ಗುರುತು. ಪದಬಂಧದ ಪುಟದಲ್ಲಿ ಕನ್ನಡದ ಉತ್ತರಗಳನ್ನು ನಾನು ತೆಲುಗು ಅಕ್ಷರದಲ್ಲಿ ತುಂಬಿದ್ದೆ, ಒಂದೂ ಸರಿಯಿರಲಿಲ್ಲ. ಒಂದು ಪುಸ್ತಕದ ಅಂಚನ್ನು ಹುಳು ಮೇದಿತ್ತು. ನಮ್ಮ ಮನೆಯಲ್ಲಿ ಸಾಕುತ್ತಿದ್ದ ರೇಷ್ಮೆಹುಳುವೇ ಹಿಪ್ಪುನೇರಳೆ ಬೇಸರವಾಗಿ ಇದನ್ನು ತಿಂದಿದೆಯೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಕೊರತೆಗಳೆಲ್ಲ ಫೋಟೋದಲ್ಲಿ ಕಾಣಬೇಕು ಎಂದು ಸಂಗ್ರಾಹಕರು ಹೇಳಿದ್ದರು. ಕೊರತೆ ತೋರಿಸುವ ವಿದ್ಯೆ ನನಗೆ ಗೊತ್ತಿದ್ದದ್ದು ಒಂದೇ. ಜೇಬಿನಿಂದ ಸ್ಟಿಕ್ಕರಿನ ಹಾಳೆ ತೆಗೆದೆ. ರಟ್ಟಿನ ಮೇಲೆ ಎದ್ದು ಕಾಣುವ ದೊಡ್ಡ ಕೊರತೆ ಎಂದರೆ ಬೆನ್ನಿನ ಹೊಲಿಗೆ, ಆದ್ದರಿಂದ ಪ್ರತಿ ಪುಸ್ತಕದ ಹೊಲಿಗೆಗೂ ಒಂದು ಬಾಣ ಬಿತ್ತು.

ಫೋಟೋ ನೋಡಿದ ಸಂಗ್ರಾಹಕರು ಫೋನು ಮಾಡಿದರು. ದನಿಯಲ್ಲಿ ನಿಜವಾದ ದುಃಖವಿತ್ತು. "ಅಲ್ಲಾ ಸಾರ್, ಇಷ್ಟು ಅಪರೂಪದ ಪುಸ್ತಕಕ್ಕೆ ಹೊಲಿಗೆ ಹಾಕಿದೋರು ಯಾರು ಸಾರ್? ಆ ಹೊಲಿಗೆ ಹುಷಾರಾಗಿ ಬಿಚ್ಚಿಸಿ ಕಳಿಸಿ. ಹಳೇ ಪಿನ್ನು ಹಾಕ್ಸೋಣ. 'ಗುಡ್' ಆದ್ರೂ ಆಗುತ್ತೆ." ನಮ್ಮಕ್ಕ ಹೊಲಿದದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಆಗಲಿ ಎಂದೆ. ಕೇಳಿಸಿಕೊಂಡ ಸುಮಂಗಲ, "ಯಾಕ ಬಿಚ್ಚಬೇಕ್ರೀ? ಅಷ್ಟು ಛಂದ ಹೊಲದಾರ ಅಕ್ಕಾರು" ಎಂದಳು. ಇದು ನಿನಗೆ ತಿಳಿಯುವ ವಿಷಯವಲ್ಲ ಎಂಬ ಮುಖ ಮಾಡಿದೆ.

ಅಕ್ಕ ಈಗ ಊರಿನಲ್ಲೇ ಇದ್ದಾಳೆ. ಕಡಲೆಕಾಯಿ ಕಿತ್ತು ಮುಗಿದ ಮೇಲೆ ವರ್ಷಕ್ಕೊಮ್ಮೆ ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸಿಕೊಂಡು ಒಂದು ಚೀಲ ಹೊತ್ತು ನಮ್ಮ ಮನೆಗೆ ಬರುತ್ತಾಳೆ. ಆ ವಾರವೇ ಬಂದಳು, ನಾನು ಯೂನಿಟ್ಟಿಗೆ ಹೋದ ಮೇಲೆ ಬಂದಳು. ಸಂಜೆ ನಾನು ಮನೆಯ ತಿರುವಿಗೆ ಬರುವಾಗ ಮಷಿನ್ನಿನ ಸದ್ದು ಕೇಳಿತು. ಸುಮಂಗಲ ಹೊಲಿಯುವ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಇದು ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಓಡುತ್ತಿತ್ತು. ಒಳಗೆ ಬಂದರೆ ಅಕ್ಕ ಕನ್ನಡಕ ಹಾಕಿಕೊಂಡು ಮಷಿನ್ನಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ನನ್ನ ಪುಸ್ತಕಗಳ ಅಟ್ಟಿ. ಕಾಲ ಬುಡದಲ್ಲಿ ಗುಲಾಬಿ, ನೀಲಿ, ಹಸಿರು ದಾರದ ತುಣುಕುಗಳ ಸಣ್ಣ ಗುಡ್ಡೆ.

"ಬಂದ್ಯೇನಪ್ಪಾ? ವಸಿ ತಡಿ, ಇದೊಂದ್ ಬಾಕಿ ಐತೆ" ಎಂದಳು ತಲೆ ಎತ್ತದೆ. "ನನ್ ಪೀಸೆಲ್ಲಾ ಬಾಣ ಆಕಿ ವಾಪಸ್ ಕಳ್ಸಿದ್ಯಲ್ಲ. ನೋಡ್ದೆ, ನಿಜವೇ, ಹೊಲಿಗೆ ಎಲ್ಲಾ ಸೊಟ್ಟಪಟ್ಟ. ಆಗ ಸೂಪರ್‌ವೈಸರ್ ಬಂದ್ಬಿಡ್ತಾನೆ ಅಂತ ಕೈ ನಡುಗ್ತಿತ್ತು. ಈಗ ನೋಡು, ಗೀಟು ಎಳ್ದಂಗೆ ಬಂದೈತೆ."

ಸುಮಂಗಲ ಬಾಗಿಲಿಗೆ ಒರಗಿ ನಿಂತಿದ್ದಳು. "ನಾ ಬ್ಯಾಡಂತ ಹೇಳಿದ್ನಿರಿ. ಬಾಣ ಬಿದ್ದ ಮ್ಯಾಲೆ ಆಲ್ಟ್ರೇಷನ್ ಮಾಡ್ಲೇಬೇಕು ಅಂದ್ರು ಅಕ್ಕಾರು" ಎಂದಳು. ಆ ಗಳಿಗೆಯಲ್ಲಿ ಅವಳ ಕಣ್ಣು ನನ್ನನ್ನು ಯಾವ ದರ್ಜೆಗೆ ಹಾಕಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಹೊಲಿಗೆ ಜೀನ್ಸಿನ ಕಿತ್ತಳೆ ದಾರದ್ದು, ಜೋಡಿ ಸಾಲು. ನಮ್ಮ ಯೂನಿಟ್ಟಿಗೆ ಬಂದಿದ್ದರೆ ನಾನು ಕಣ್ಣು ಮುಚ್ಚಿ ಪಾಸು ಮಾಡುತ್ತಿದ್ದೆ. ಆದರೆ ನನ್ನ ಕಣ್ಣು ನೆಲದ ಮೇಲಿನ ದಾರಕ್ಕೆ ಹೋಯಿತು. ಫ್ರಾಕಿನ ವರ್ಷ, ಶರಟಿನ ವರ್ಷ, ಆಸ್ಪತ್ರೆಯ ವರ್ಷ, ಎಲ್ಲ ಅಲ್ಲಿ ಬಿದ್ದಿದ್ದವು. ಬೆಂಗಳೂರಿನಲ್ಲಿ ಜೀವಮಾನವಿಡೀ ಬಾಣ ಅಂಟಿಸಿಕೊಂಡು ಬೈಸಿಕೊಂಡವಳು ತಮ್ಮನ ಮನೆಗೆ ಬಂದರೂ ಅದೇ ಬಾಣ ನೋಡಿ ಬಿಚ್ಚಲು ಕೂತಿದ್ದಳು. ನನಗೆ ಅಳು ಬಂತು.

ಅವಳ ಕೈಯಲ್ಲಿದ್ದದ್ದು ಮೊದಲನೆಯ ಪುಸ್ತಕ, ನನಗೆ ಪಿನ್ನು ಚುಚ್ಚಿದ್ದು. ಗುಲಾಬಿ ದಾರಕ್ಕೆ ಕತ್ತರಿಯ ತುದಿ ಹಾಕುತ್ತಿದ್ದಳು. ಕಿತ್ತುಕೊಂಡೆ ಎಂದೇ ಹೇಳಬೇಕು.

"ಇದು ಬೇಡಕ್ಕ. ಇದು ಪಾಸು."

"ಬಾಣ ಐತಲ್ಲೋ?"

"ತಪ್ಪಾಗಿ ಅಂಟಿಸಿದ್ದೆ."

"ನೀನೇ ಬಾಣ ಆಕಿ ನೀನೇ ಪಾಸ್ ಅಂದ್ರೆ ಎಂಗಪ್ಪಾ? ನಮ್ ಲೈನಲ್ಲಿ ಆಗಿದ್ರೆ ಮೊದ್ಲು ಚೆಕ್ಕರ್‌ನ ಮನೆಗ್ ಕಳಿಸ್ತಿದ್ರು" ಎಂದು ನಕ್ಕಳು.

ಬಾಣವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಹಳೆಯ ರಟ್ಟು, ಬಣ್ಣವೂ ಅದರ ಜೊತೆಗೇ ಎದ್ದು ಬಂತು. ರಾಕ್ಷಸನ ಹೊಟ್ಟೆಯ ಮೇಲೆ ಬಾಣದ್ದೇ ಆಕಾರದ ಬಿಳಿ ಮಚ್ಚೆ ಉಳಿಯಿತು. ಎಣ್ಣೆ, ಮುದ್ದೆ, ಹುಳು, ಯಾವುದೂ ಮಾಡದ ಗಾಯವನ್ನು ಆ ಪುಸ್ತಕಕ್ಕೆ ಮಾಡಿದವನು ಚೆಕ್ಕರ್. ನಾನು ನೆಲದ ಮೇಲಿನ ದಾರಗಳನ್ನೆಲ್ಲ ಆರಿಸಿ ಅದರ ಪುಟಗಳ ನಡುವೆ ಇಟ್ಟೆ. "ಆ ಕಸ ಯಾಕೋ?" ಎಂದಳು ಅಕ್ಕ. ಇರಲಿ ಎಂದೆ.  ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು.

ಮಾರನೆಯ ದಿನ ಸಂಗ್ರಾಹಕರ ಫೋನು ಬಂತು. "ಹೊಲಿಗೆ ಬಿಚ್ಚಿದ್ರಾ ಸಾರ್?"

"ಬಿಚ್ಚಿದೆವು."

"ಗುಡ್!"

"ಮತ್ತೆ ಹೊಲಿದೆವು. ಈ ಸಲ ಜೋಡಿ ಸಾಲು."

ಅವರು ಫೋನು ಇಟ್ಟರು. ಬೆಂಗಳೂರಿನ ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹೆಸರು ಇಲ್ಲದಿರಲು ಇದೇ ಕಾರಣ.

ಅಕ್ಕನನ್ನು ಬಸ್ಸಿಗೆ ಹತ್ತಿಸಲು ನಾವಿಬ್ಬರೂ ಹೋಗಿದ್ದೆವು. ಕಿಟಕಿಯ ಪಕ್ಕ ಕೂತು, ಬಸ್ಸು ಹೊರಡುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನೆತ್ತಿಯಲ್ಲಿ ಕೂದಲು ಹೋದದ್ದನ್ನು, ಹೊಟ್ಟೆಯ ಹತ್ತಿರ ಶರಟಿನ ಗುಂಡಿ ಎಳೆದುಕೊಂಡದ್ದನ್ನು, ಬಗ್ಗಿ ಬಗ್ಗಿ ಪೀಸು ನೋಡಿ ಬಾಗಿದ ಬೆನ್ನನ್ನು, ಎಲ್ಲವನ್ನೂ ಹಳೆಯ ಗಾರ್ಮೆಂಟ್ಸಿನ ಕಣ್ಣಿನಿಂದ ನೋಡಿದಳು. ಆಮೇಲೆ ಸುಮಂಗಲಾಳ ಕೈ ಹಿಡಿದು, "ಏನೇ ಅನ್ನು ಕಣಮ್ಮಾ, ನನ್ ತಮ್ಮ ಒಳ್ಳೇನು" ಎಂದಳು.

ಸುಮಂಗಲ ನನ್ನ ಕಡೆ ತಿರುಗಿ, "ಹೌದ್ರಿ ಅಕ್ಕಾರ, ಗುಡ್ ಅದಾರ" ಎಂದಳು. ನಾನು ಆ ದರ್ಜೆಯನ್ನು ತಕರಾರಿಲ್ಲದೆ ಒಪ್ಪಿಕೊಂಡೆ.