ಐದನೇ ಕಚ್ಚಿಗೇರಿದ ಕಾರು

ಮೂವತ್ನಾಲ್ಕು ವರ್ಷ ಊರವರ ಜಮೀನನ್ನೆಲ್ಲ ಅಳೆದು, ದಾಯಾದಿಗಳ ನಡುವೆ ಗೇಣು ಗೇಣಿಗೂ ತೀರ್ಪು ಕೊಟ್ಟು ನಿವೃತ್ತರಾದ ಟೇಪು ಸಾಹೇಬರು ಒಂದು ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿಬಿಟ್ಟರು: "ನಮ್ಮ ಗ್ಯಾರೇಜಲ್ಲಿ ಲಿಫ್ಟ್ ಹಾಕಿಸ್ತೀನಿ. ಒಂದು ಕಾರು ಮೇಲೆ, ಒಂದು ಕಾರು ಕೆಳಗೆ. ಅಳತೆ ಅಂದ್ರೇನು ಅಂತ ಈ ಬೀದಿಗೆ ತೋರಿಸ್ತೀನಿ!"

ಬೀದಿಗೆ ಅದನ್ನು ತೋರಿಸುವ ಅಗತ್ಯವೇನೂ ಇರಲಿಲ್ಲ. ಟೇಪು ಸಾಹೇಬರೆಂಬ ಹೆಸರು ಆಫೀಸಿನಿಂದಲೇ ಅವರ ಬೆನ್ನು ಹತ್ತಿ ಮನೆಗೆ ಬಂದಿತ್ತು. ಜೇಬಿನಲ್ಲಿ ಕರ್ಚೀಫು ಮರೆತಾರು, ಟೇಪು ಮರೆತವರಲ್ಲ. ನಿವೃತ್ತಿಯ ಮೊದಲ ವಾರದಲ್ಲೇ ಮನೆಯ ಮಂಚ, ಕಪಾಟು, ಕಿಟಕಿಯ ಸರಳುಗಳೆಲ್ಲ ಅಳತೆಗೆ ಸಿಕ್ಕಿದ್ದವು. ಗೇಟಿನಿಂದ ಬೀದಿಯ ತುದಿಗೆ ನೂರ ನಲವತ್ತು ಮೀಟರ್ ಎಂಬುದನ್ನು ಎರಡೆರಡು ಸಲ ಅಳೆದು ಖಚಿತ ಮಾಡಿಕೊಂಡಿದ್ದರು. ಯಾರು ಕೇಳಿದ್ದರು ಎಂದರೆ, ಯಾರೂ ಕೇಳಿರಲಿಲ್ಲ.

ಕಾರುಗಳು ಎರಡು, ಗ್ಯಾರೇಜು ಒಂದು. ಬೂದು ಬಣ್ಣದ ಹಳೇ ಕಾರು ಸಾಹೇಬರು ನಿವೃತ್ತಿಯ ಹುಮ್ಮಸ್ಸಿನಲ್ಲಿ ಕೊಂಡದ್ದು. ಕಪ್ಪು ಕಾರು ಅವರ ಅಪ್ಪನದು. ಅಪ್ಪ ನಲವತ್ತು ವರ್ಷ ಮೋಟಾರು ಮೆಕ್ಯಾನಿಕ್ ಆಗಿದ್ದವರು. ಯಾರೋ ಗುಜರಿಗೆ ಎಸೆದ ಬರೀ ತಗಡಿನ ಗೂಡನ್ನು ತಂದು, ಆರು ವರ್ಷ ರಜಾದಿನಗಳಲ್ಲಿ ಒಂದೊಂದೇ ಬೋಲ್ಟು ಬಿಗಿದು ಅದನ್ನು ಕಾರು ಮಾಡಿದ್ದರು. ಹೊಗೆ ಕುಡಿದು ಕುಡಿದು ಅವರ ಶ್ವಾಸಕೋಶ ಈಗ ಸವೆದುಹೋಗಿತ್ತು. ಗ್ಯಾರೇಜಿನ ಗೋಡೆಗೆ ತಾಗಿದ ಕೋಣೆಯಲ್ಲಿ ಮಲಗಿದ್ದರು. ಡಾಕ್ಟರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕದಲ್ಲಿ ಮಾತಾಡತೊಡಗಿದ್ದರು.

ಅಪ್ಪ ಕೇಳಿದ್ದು ಒಂದೇ. ಕಪ್ಪು ಕಾರನ್ನು ಒಂದು ಸಲ ತಾವೇ ಓಡಿಸಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬರಬೇಕು, ಅಷ್ಟೇ. ಮಗ ಪಕ್ಕದಲ್ಲಿ ಕೂತಿರಲಿ, ಆದರೆ ಬೇಗ ಮಾಡಿ ಎಂದು ಡಾಕ್ಟರೂ ಒಪ್ಪಿದರು. ಮೊದಲು ಮಾವನನ್ನು ಸುತ್ತಾಡಿಸಿಕೊಂಡು ಬನ್ನಿ, ಲಿಫ್ಟು ಆಮೇಲೆ ನೋಡೋಣ ಎಂದಳು ಹೆಂಡತಿ. ಸಾಹೇಬರು ಕೇಳಬೇಕಲ್ಲ! ಶನಿವಾರ ಲಿಫ್ಟು, ಭಾನುವಾರ ಸವಾರಿ ಎಂದು ಕಾರ್ಯಕ್ರಮ ಹೊರಡಿಸಿದರು. ಅಪ್ಪ ಮಲಗಿದಲ್ಲಿಂದಲೇ, ಅಳೆಯುವುದಾದರೆ ಗಾಡಿ ಹತ್ತಿಸಿ ಅಳಿ, ಕಾಗದದ ಮೇಲೆ ಅಳೀಬೇಡ ಎಂದರು. ಸಾಹೇಬರ ಮುಖ ಇಷ್ಟು ದಪ್ಪವಾಯಿತು. ಅಳತೆಯ ವಿಷಯ ನನಗೆ ಬಿಡಿ ಎಂದು ಬಾಗಿಲು ಎಳೆದುಕೊಂಡು ಹೋದರು.

ಶನಿವಾರ ಫಿಟ್ಟರು ಬಂದ. ನಾಲ್ಕು ಕಂಬ ನಿಲ್ಲಿಸಿದ, ಮೋಟಾರು ಕೂರಿಸಿದ, ಖಾಲಿ ಲಿಫ್ಟನ್ನು ಏರಿಸಿ ಇಳಿಸಿ ತೋರಿಸಿದ. ಕಂಬದ ಮೇಲ್ಭಾಗದಲ್ಲಿ ಸಾಲಾಗಿ ಕಚ್ಚುಗಳು. ಒಂದೊಂದು ಕಚ್ಚು ದಾಟಿದಾಗಲೂ ಕಬ್ಬಿಣದ ಕೊಂಡಿ 'ಟಕ್' ಎಂದು ಕೂತು, ಗಾಡಿ ಜಾರದಂತೆ ಹಿಡಿಯುತ್ತದೆ.

"ಸಾರ್, ಇದು ಇಳೀಬೇಕಾದ್ರೆ ಮೊದಲು ಎರಡು ಇಂಚು ಮೇಲೆ ಹೋಗಬೇಕು. ಆಗಲೇ ಕೊಂಡಿ ಬಿಡೋದು. ನಿಮ್ಮ ಗಾಡಿಗೆ ನಾಲ್ಕನೇ ಕಚ್ಚು ಸಾಕು, ದಾಟಿಸಬೇಡಿ" ಎಂದ ಫಿಟ್ಟರು.

ಈ ಮಾತು ಹೇಳುವ ಹೊತ್ತಿಗೆ ಸಾಹೇಬರು ಎರಡನೇ ಕಂಬಕ್ಕೆ ಟೇಪು ಹಿಡಿದು, ಅದು ನೂಲಿನಷ್ಟು ಓರೆಯಾಗಿದೆ ಎಂಬ ಮಹತ್ವದ ಸಂಶೋಧನೆಯಲ್ಲಿದ್ದರು. ಹೂಂ ಎಂದರು. ಫಿಟ್ಟರು ಹೋದ.

ಆಮೇಲೆ ಕಪ್ಪು ಕಾರನ್ನು ಹತ್ತಿಸಿ, ಅಡಿಭಾಗವನ್ನೆಲ್ಲ ದೀಪ ಹಿಡಿದು ಪರೀಕ್ಷಿಸಿ, ಗುಂಡಿ ಒತ್ತಿದರು. ಟಕ್, ಟಕ್, ಟಕ್, ಟಕ್. ಕಾರು ಗಂಭೀರವಾಗಿ ಮೇಲೆ ನಿಂತಿತು. ಅಲ್ಲಿಗೆ ಕೈ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಾರಿನ ನೆತ್ತಿಗೂ ತಾರಸಿಗೂ ನಡುವೆ ಇನ್ನೂ ಐದು ಇಂಚು ಜಾಗ! ಮಿಕ್ಕ ಜಾಗ ಕಂಡರೆ ಸರ್ವೆಯವರ ಕೈ ಸುಮ್ಮನಿರುತ್ತದೆಯೇ? ಇನ್ನೊಮ್ಮೆ ಒತ್ತಿದರು. ಟಕ್. ಈಗ ನಡುವೆ ಒಂದೇ ಇಂಚು.

"ನೋಡೇ, ಒಂದು ಬೆರಳಿನಷ್ಟೂ ದಂಡ ಆಗಿಲ್ಲ" ಎಂದು ಹೆಂಡತಿಯನ್ನು ಕರೆದು ತೋರಿಸಿದರು.

ಅವಳು ಕತ್ತೆತ್ತಿ ನೋಡಿದಳು. "ಚೆನ್ನಾಗಿದೆ. ಇಳಿಯುತ್ತಾ?"

ಇಳಿಯಲಿಲ್ಲ. ಕೊಂಡಿ ಬಿಡಲು ಎರಡು ಇಂಚು ಮೇಲೇರಬೇಕು. ಮೇಲಿರುವುದು ಒಂದೇ ಇಂಚು. ಗುಂಡಿ ಒತ್ತಿದರೆ ಕಾರಿನ ನೆತ್ತಿ ತಾರಸಿಗೆ ತಾಗಿ ಕಿರ್ರೆಂದಿತು, ಮೋಟಾರು ಗೊರಗೊರ ಎಂದು ನಿಂತಿತು. ಸಾಹೇಬರು ಫಿಟ್ಟರಿಗೆ ಫೋನು ಹಚ್ಚಿದರು. ಅವನು ದೂರದ ಊರಿನಲ್ಲಿ ಇನ್ನೊಂದು ಕೆಲಸ ಹಿಡಿದಿದ್ದ. ಶುಕ್ರವಾರಕ್ಕೆ ಮುಂಚೆ ಬರಲಾಗದು, ಬಂದು ಕಂಬ ಬಿಚ್ಚಿ ನೋಡೋಣ ಎಂದ.

ಭಾನುವಾರ ಬೆಳಿಗ್ಗೆ ಅಪ್ಪ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಮಗ ಬಂದು, ಗಾಡಿಗೆ ಪಾಲಿಶ್ ಹಾಕಿಸಿದ್ದೇನೆ, ಇನ್ನೂ ಒಣಗಿಲ್ಲ ಎಂದ. ಅಪ್ಪ ಒಂದು ಗಳಿಗೆ ಮಗನ ಮುಖವನ್ನೇ ನೋಡಿ, ಸರಿ ಎಂದು ಅಂಗಿಯ ಗುಂಡಿ ಬಿಚ್ಚಿದರು. ಹೆಂಡತಿ ಅಡುಗೆಮನೆಯಲ್ಲಿ ಗಂಡನನ್ನು ಹಿಡಿದು ನಿಲ್ಲಿಸಿದಳು.

"ಮಾವನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಉಸಿರಾಡೋಕೇ ಕಷ್ಟಪಡ್ತಿರೋರಿಗೆ ಇದೊಂದು ತಲೆನೋವು ಬೇರೆ ಬೇಕಾ?"

"ಅವರ ತಲೆನೋವಿನ ಚಿಂತೆ ಅಲ್ಲ ನಿಮ್ಮದು. ಕಾಗದದ ಮೇಲೆ ಅಳೀಬೇಡ ಅಂದಿದ್ರಲ್ಲ, ಅದು ಚುಚ್ತಿದೆ ನಿಮಗೆ."

ಸಾಹೇಬರಿಗೆ ಅದು ನಿಜವೆಂದು ಗೊತ್ತಿತ್ತು. ಗೊತ್ತಿದ್ದರಿಂದಲೇ ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟರು.

ಸೋಮವಾರ ಗಾರೆಯವನನ್ನು ಕರೆತಂದರು. ಕಾರು ಇಳಿಯದಿದ್ದರೆ ತಾರಸಿಯನ್ನೇ ಒಂದು ಇಂಚು ಏರಿಸಿದರಾಯಿತು ಎಂಬ ಭಾರೀ ಯೋಚನೆ! ಗಾರೆಯವನು ಏಣಿ ಹತ್ತಿ ಉಳಿಯಲ್ಲಿ ಹೊಡೆಯತೊಡಗಿದ. ಗೋಡೆಯಾಚೆಯಿಂದ ಅಪ್ಪ ಅದೇನು ಸದ್ದು ಎಂದಾಗ, ಹೊಸ ದೀಪ ಹಾಕಿಸುತ್ತಿದ್ದೇನೆ ಎಂದರು ಸಾಹೇಬರು. ಸಂಜೆಯ ಹೊತ್ತಿಗೆ ಅರ್ಧ ಇಂಚು ಗಾರೆ ಉದುರಿ ಕಬ್ಬಿಣದ ಸರಳು ಇಣುಕಿತು. ಇನ್ನು ಹೊಡೆದರೆ ಮನೆಯೇ ಇಳಿಯುತ್ತೆ ಸ್ವಾಮಿ ಎಂದು ಗಾರೆಯವನು ಉಳಿ ಚೀಲಕ್ಕೆ ಹಾಕಿಕೊಂಡ. ಉದುರಿದ ಗಾರೆಯ ಹೆಂಟೆಗಳು ಕಪ್ಪು ಕಾರಿನ ನೆತ್ತಿಯಲ್ಲಿ ಮೂರು ಕಡೆ ಗುಳಿ ಮಾಡಿದ್ದವು.

ಧೂಳು ಅಲ್ಲಿಗೇ ನಿಲ್ಲಲಿಲ್ಲ. ಬಾಗಿಲ ಸಂದಿಯಲ್ಲಿ ನುಗ್ಗಿ ಅಪ್ಪನ ಕೋಣೆ ತುಂಬಿತು. ಮಂಗಳವಾರ ಕೆಮ್ಮು ನಿಲ್ಲಲೇ ಇಲ್ಲ, ತುಟಿ ನೀಲಿಗಟ್ಟಿತು. ಡಾಕ್ಟರು ಬಂದು, ಕೋಣೆಯ ನೆಲದ ಮೇಲೆ ಬೆರಳಾಡಿಸಿ ಧೂಳು ನೋಡಿದರು, ಸಾಹೇಬರನ್ನೂ ನೋಡಿದರು. ಆಮ್ಲಜನಕದ ಯಂತ್ರ ಬಂತು. ಇನ್ನು ಹಗಲಿರುಳು ಮೂಗಿಗೆ ನಳಿಗೆ ಇರಬೇಕು, ಸವಾರಿ ಗಿವಾರಿ ಮರೆತುಬಿಡಿ ಎಂದರು ಡಾಕ್ಟರು. ಸಾಹೇಬರು ಗ್ಯಾರೇಜಿಗೆ ಹೋಗಿ, ಲಿಫ್ಟಿನ ಕೆಳಗೆ ನಿಲ್ಲಿಸಿದ್ದ ಬೂದು ಕಾರಿನೊಳಗೆ ಯಾರಿಗೂ ಕಾಣದಂತೆ ಕೂತು ಅತ್ತರು.

ಗುರುವಾರ ಹೆಂಡತಿ ಯಾರನ್ನೂ ಕೇಳಲಿಲ್ಲ. ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ನಳಿಗೆಯ ಸುರುಳಿಯನ್ನು ಹಿಂದೆ ಬಿಚ್ಚುತ್ತ, ನೇರ ಗ್ಯಾರೇಜಿಗೆ ತಳ್ಳಿಕೊಂಡು ಬಂದಳು. ಅಪ್ಪ ಕತ್ತೆತ್ತಿ ತಮ್ಮ ಕಾರಿನ ಅಡಿಯನ್ನು ನೋಡಿದರು. ಜೀವಮಾನವಿಡೀ ಕಾರುಗಳನ್ನು ಅವರು ಹೆಚ್ಚಾಗಿ ನೋಡಿದ್ದೇ ಆ ಕಡೆಯಿಂದ.

"ಟೈರಿನ ಗಾಳಿ ಬಿಡೋ" ಎಂದರು.

ಸಾಹೇಬರು ಏಣಿ ಹತ್ತಿ ನಾಲ್ಕೂ ಚಕ್ರದ ಗಾಳಿ ಬಿಟ್ಟರು. ಕಾರು ಮೂರು ಇಂಚು ಕುಸಿದು ಕೂತಿತು. ಗುಂಡಿ ಒತ್ತಿದರೆ ಲಿಫ್ಟು ಎರಡು ಇಂಚು ಏರಿತು, ಕೊಂಡಿ ಬಿಟ್ಟಿತು. ಬೂದು ಕಾರನ್ನು ಹೊರಗೆ ತೆಗೆದರು, ಕಪ್ಪು ಕಾರು ಮೆಲ್ಲಗೆ ನೆಲಕ್ಕಿಳಿಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಯಂತ್ರದ ನಳಿಗೆ ಏಳು ಮೀಟರು. ಸಾಹೇಬರು ಅಳೆಯಲಿಲ್ಲ, ಅಪ್ಪನನ್ನು ಎತ್ತಿ ಸ್ಟೇರಿಂಗಿನ ಮುಂದೆ ಕೂರಿಸಿದಾಗ ಅದೇ ಬಿಗಿಯಾಗಿ ತಿಳಿಸಿತು. ಅಲ್ಲಿಂದ ಮುಂದೆ ಒಂದು ಗೇಣೂ ಇಲ್ಲ. ಅಪ್ಪ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ತೆರೆದ ಬಾಗಿಲಿನಾಚೆ ಬೀದಿ ನೋಡುತ್ತ ಕೂತರು. ಸಾಹೇಬರು ಪಕ್ಕದ ಸೀಟಿನಲ್ಲಿ ಕೂತರು.

"ಶನಿವಾರ ಟಕ್ ಅಂತ ಐದು ಸಲ ಕೇಳಿಸ್ತು" ಎಂದರು ಅಪ್ಪ. "ನಾಲ್ಕಕ್ಕೆ ನಿಲ್ಲಿಸು ಅಂತ ಫಿಟ್ಟರು ಹೇಳಿದ್ದೂ ಕೇಳಿಸಿತ್ತು. ಸಿಕ್ಕಿಹಾಕ್ಕೊಂಡಿದೆ ಅಂತ ಅವಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳಬಾರದಿತ್ತಾ ಅಪ್ಪ?"

"ಅಳತೆ ವಿಷಯ ನನಗೆ ಬಿಡಿ ಅಂದಿದ್ದೆ ನೀನು. ನೀನಾಗಿ ಬಂದು ಕೇಳ್ತೀಯ ಅಂತ ಕಾದೆ. ಭಾನುವಾರ ಅಂಗಿ ಹಾಕ್ಕೊಂಡು ಕೂತಿದ್ದೂ ಅದಕ್ಕೇ."

ಅಪ್ಪ ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿ ನೋಡಿದರು. ಆಮೇಲೆ ಬೀದಿಯ ಕಡೆಗೆ ಗದ್ದ ತೋರಿಸಿ ಕೇಳಿದರು:

"ಗೇಟಿಂದ ಆ ತುದಿಗೆ ಎಷ್ಟಾಗುತ್ತೋ?"

"ನೂರ ನಲವತ್ತು ಮೀಟರ್ ಅಪ್ಪ."

"ಅಷ್ಟೇನಾ" ಎಂದರು ಅಪ್ಪ.