ಆರು ಎನ್ನುವಷ್ಟರಲ್ಲಿ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಸಣ್ಣ ನಿಯಮ. ಸಮ್ಮೋಹನ ಚಿಕಿತ್ಸೆಯ ಪರೀಕ್ಷೆಗೆ ಕೂರುವವರು ತಮ್ಮ ಹತ್ತನೆಯ ಅಭ್ಯಾಸವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಬೇಕು ಎಂದು ತರಬೇತಿಯ ಮೇಡಂ ಕಡೆಯ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರು. ಆ ನಿಯಮವೊಂದು ಇಲ್ಲದಿದ್ದರೆ ಸೊಳ್ಳೆ ತನ್ನ ಪಾಡಿಗೆ ತಾನು ಸುಖವಾಗಿರುತ್ತಿದ್ದ.

ಸೊಳ್ಳೆ ಅಂದರೆ ಮನುಷ್ಯನೇ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಹದಿನೆಂಟು ವರ್ಷದಿಂದ ಅದೇ ಕುರ್ಚಿ, ಅದೇ ರಬ್ಬರ್ ಪಟ್ಟಿ, ಅದೇ ಹತ್ತಿಯುಂಡೆ. ಆ ಹೆಸರಿಟ್ಟವರು ಯಾರೋ ಏನೋ, ಈಗ ದೊಡ್ಡ ಡಾಕ್ಟರೂ ಹಾಗೆಯೇ ಕರೆಯುತ್ತಾರೆ. ಹೆಸರಿನ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ. ದಿನಕ್ಕೆ ಅರವತ್ತು ಜನ ಅವನ ಮುಂದೆ ತೋಳು ಚಾಚುತ್ತಿದ್ದರು, ಅರವತ್ತು ಜನವೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಮಕ್ಕಳಂತೂ ಅವನ ಬಿಳಿ ಕೋಟು ಕಂಡ ಕೂಡಲೇ ರಾಗ ತೆಗೆಯುತ್ತಿದ್ದವು. ಅರ್ಧ ಊರಿನ ರಕ್ತ ಅವನ ಕೈಯಿಂದ ಹಾದುಹೋಗಿತ್ತು, ಆದರೆ ರಸ್ತೆಯಲ್ಲಿ ಗುರುತು ಹಿಡಿದು ನಕ್ಕವರು ಒಬ್ಬರೂ ಇಲ್ಲ. ಇದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅದಕ್ಕೇ ಆಸ್ಪತ್ರೆಯವರು ಮೇಲಿನ ಮಹಡಿಯಲ್ಲಿ ನೋವಿನ ವಿಭಾಗ ತೆರೆದು, ತರಬೇತಿಯಲ್ಲಿ ಪಾಸಾದ ಸಿಬ್ಬಂದಿಯೊಬ್ಬರನ್ನು ಅಲ್ಲಿಗೆ ಹಾಕಿಕೊಳ್ಳುತ್ತೇವೆ ಎಂದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ಅವನು. ಅಲ್ಲಿ ಬರುವ ರೋಗಿ ಎದುರು ಕುರ್ಚಿಯಲ್ಲಿ ಕೂತು ಚಿಕಿತ್ಸೆ ಮಾಡುವವನ ಕಣ್ಣನ್ನೇ ನೋಡಬೇಕು ಎಂದು ಪಾಠದ ಪುಸ್ತಕದಲ್ಲಿ ಬರೆದಿತ್ತು. ಆ ಸಾಲಿನ ಕೆಳಗೆ ಸೊಳ್ಳೆ ಎರಡು ಗೆರೆ ಎಳೆದಿದ್ದ.

ಪರೀಕ್ಷೆಯ ದಿನ ಬೆಳಿಗ್ಗೆ ಕೆಳಗಿನ ಮನೆಯ ಟೈಲರಕ್ಕ ಹತ್ತನೆಯ ಅಭ್ಯಾಸಕ್ಕೆಂದು ಬಂದು ಕೂತಳು. ಅವಳಿಗೆ ಬಹಳ ಕಾಲದ ಕುತ್ತಿಗೆ ನೋವು, ಇದು ಅವಳ ಎರಡನೆಯ ಸರದಿ. ಸೊಳ್ಳೆ ಮೊಬೈಲಿನ ರೆಕಾರ್ಡ್ ಒತ್ತಿ ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಮೆಟ್ಟಿಲು ಇಳಿಯಿರಿ ಎನ್ನುತ್ತ ಹತ್ತರಿಂದ ಹಿಂದಕ್ಕೆ ಎಣಿಸತೊಡಗಿದ. ಹತ್ತು. ಒಂಬತ್ತು. ಎಂಟು. ಏಳು. ಆರು.

ಕಣ್ಣು ಬಿಟ್ಟಾಗ ಅವನ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಟೈಲರಕ್ಕ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕುತ್ತಿಗೆಯನ್ನು ಎಡಕ್ಕೂ ಬಲಕ್ಕೂ ಗೂಬೆಯ ಹಾಗೆ ತಿರುಗಿಸಿ ತೋರಿಸಿ, ಎಷ್ಟು ಚೆನ್ನಾಗಿ ಹೇಳಿದರು ಎಂದಳು. ಹೇಳಿದಿರಿ ಎನ್ನಲಿಲ್ಲ, ಹೇಳಿದರು ಎಂದಳು. ಪರೀಕ್ಷೆಯ ಗಡಿಬಿಡಿಯಲ್ಲಿ ಸೊಳ್ಳೆ ಅದನ್ನು ಗಮನಿಸಲಿಲ್ಲ.

ಪ್ರತಿಸಲವೂ ಹೀಗೆಯೇ ಆಗಿತ್ತು. ಆರರ ತನಕ ನೆನಪಿರುತ್ತಿತ್ತು, ಆಮೇಲೆ ಮುಕ್ಕಾಲು ಗಂಟೆ ಕಳೆದಿರುತ್ತಿತ್ತು, ಎದುರಿಗಿದ್ದವರ ನೋವು ಇಳಿದಿರುತ್ತಿತ್ತು. ಮೈಮರೆತು ಕೆಲಸ ಮಾಡುವವರಿಗೆ ಹೀಗೇ ಆಗುತ್ತದೆ ಎಂದುಕೊಂಡು ಅವನು ಒಳಗೇ ಬೀಗುತ್ತಿದ್ದ. ಕೂಸು ಮಲಗಿಸಲು ಹೋದ ಅಜ್ಜಿಯೇ ಮೊದಲು ಗೊರಕೆ ಹೊಡೆಯುವುದುಂಟು ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ತನ್ನ ಧ್ವನಿ ಹೇಗೆ ಬಂದಿದೆಯೋ ನೋಡೋಣ ಎಂದು ಇಯರ್‌ಫೋನ್ ಸಿಕ್ಕಿಸಿಕೊಂಡ. ತನ್ನ ಎಣಿಕೆ ಕೇಳಿಸಿತು. ಆರು ಎಂದದ್ದೂ ಕೇಳಿಸಿತು. ಆಮೇಲೆ ಸಣ್ಣಗೆ ಗೊರಕೆ, ಅನುಮಾನವೇ ಇಲ್ಲದ ಹಾಗೆ ಅವನದೇ ಗೊರಕೆ. ಅದು ನಿಂತಿತು. ಕುರ್ಚಿ ಕಿರ್ ಎಂದಿತು. ಯಾರೋ ನೀಳವಾಗಿ ಉಸಿರು ಬಿಟ್ಟರು.

"ಹೂಂ, ಮಲಗಿದ" ಎಂದಿತು ಒಂದು ಧ್ವನಿ. ಗಂಟಲು ಅವನದೇ. ಆದರೆ ಅವಸರವಿಲ್ಲದ, ತುಂಬ ವಯಸ್ಸಾದ, ಬೆಚ್ಚಗಿನ ಮಾತು. "ಮೆತ್ತಗೆ ಮಾತಾಡು ತಾಯಿ, ಎದ್ದುಬಿಟ್ಟಾನು. ಹೋದ್ಸಲ ಎಲ್ಲಿಗೆ ನಿಲ್ಲಿಸಿದ್ವಿ?"

"ನಮ್ಮತ್ತೆ ಬಾಗಿಲಲ್ಲಿ ಬಂದು ನಿಂತಿದ್ದ ಕಡೆಗೆ" ಎಂದಳು ಟೈಲರಕ್ಕ, ದಿನಾ ಮಾತಾಡುವವರ ಸಲುಗೆಯಲ್ಲಿ.

ಆ ಧ್ವನಿ ಅವಳ ಹೊಲಿಗೆ ಯಂತ್ರ ಬಾಗಿಲಿಗೆ ಬೆನ್ನು ಮಾಡಿ ಇದ್ದದ್ದನ್ನು ಹೇಳಿತು. ಸತ್ತು ಹನ್ನೊಂದು ವರ್ಷವಾದ ಅತ್ತೆ ಹಿಂದೆ ನಿಂತಿದ್ದಾಳೇನೋ ಎಂದು ಅವಳು ಇವತ್ತಿಗೂ ತಿರುಗಿ ತಿರುಗಿ ನೋಡುವುದನ್ನು ಹೇಳಿತು. ಅವಳು ಅತ್ತಳು. ಧ್ವನಿ ಅವಳನ್ನು ಅಳಲು ಬಿಟ್ಟು, ಆಮೇಲೆ ನಗಿಸಿತು. ಪುಸ್ತಕದಲ್ಲಿ ಇದ್ದದ್ದೆಲ್ಲವೂ ಅದರಲ್ಲಿತ್ತು, ಪುಸ್ತಕದಲ್ಲಿ ಇಲ್ಲದ್ದೂ ಇತ್ತು. ಇಷ್ಟು ಚೆನ್ನಾಗಿ ತಾನು ಏಳು ಜನ್ಮಕ್ಕೂ ಮಾತಾಡಲಾರೆ ಎಂದು ಸೊಳ್ಳೆಗೆ ಅನಿಸಿತು. ಹೆದರಿಕೆಯ ನಡುವೆಯೂ ಹೊಟ್ಟೆಕಿಚ್ಚಾಯಿತು.

ಕೊನೆಯಲ್ಲಿ ಧ್ವನಿ ಮೊಬೈಲಿನ ಹತ್ತಿರ ಬಂತು.

"ಬಸ್ಸಲ್ಲಿ ಕೂತು ಕೇಳ್ತಿದೀಯೇನಪ್ಪ?" ಎಂದಿತು. "ನಿನ್ನ ಸ್ಟಾಪು ದಾಟಿ ಎರಡು ಸ್ಟಾಪ್ ಆಯ್ತು."

ಸೊಳ್ಳೆ ಕಿಟಕಿಯಿಂದ ಆಚೆ ನೋಡಿದ. ಸರಿಯಾಗಿ ಎರಡು ಸ್ಟಾಪ್ ದಾಟಿತ್ತು.

ಆಸ್ಪತ್ರೆಗೆ ಓಡಿ ಬಂದವನು ನೇರ ಹೋದದ್ದು ರಿಸೆಪ್ಷನ್ ಕೌಂಟರಿಗೆ. ಅಲ್ಲಿನ ಸಿಸ್ಟರಿಗೆ ಲಿಫ್ಟಿನ ಭಯ ಬಿಡಿಸಿದ್ದು ಅವನ ನಾಲ್ಕನೆಯ ಅಭ್ಯಾಸ. ಪಕ್ಕದಲ್ಲಿ ನಿಂತಿದ್ದ ಎಕ್ಸರೇಯವನಿಗೆ ಸಿಗರೇಟು ಬಿಡಿಸಿದ್ದು ಏಳನೆಯದು. ನಾನು ನಿಮ್ಮ ಮುಂದೆ ನಿದ್ದೆ ಮಾಡಿದ್ದೆನೇ ಎಂದು ಕೇಳಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮಗೆ ಹೇಳಬಾರದು ಅಂತ ಅವರೇ ಹೇಳಿದ್ರು" ಎಂದಳು ಸಿಸ್ಟರ್.

"ಅವರು ಅಂದ್ರೆ ಯಾರು?"

"ಅದನ್ನೆಲ್ಲ ಕೇಳೋಕೆ ಹೋಗಿಲ್ಲಪ್ಪ. ಒಳ್ಳೆಯವರು."

ಎಕ್ಸರೇಯವನು ಮಾತ್ರ ಧೈರ್ಯ ಮಾಡಿ ಕೇಳಿದ್ದನಂತೆ. "ನೀವ್ಯಾರು ಸಾರ್ ಅಂದೆ. ನಾನು ಎಚ್ಚರವಾಗಿರೋನು ಅಂದ್ರು. ಇವನು ಹದಿನೆಂಟು ವರ್ಷದಿಂದ ಮಲಗಿದಾನೆ, ಪಾಪ, ಎಬ್ಬಿಸಬೇಡಿ ಅಂದ್ರು." ಹೀಗೆ ಹೇಳಿ ಅವನು ಸೊಳ್ಳೆಯ ಹೆಗಲು ತಟ್ಟಿದ, ಸಾವಿನ ಮನೆಯಲ್ಲಿ ತಟ್ಟುವ ಹಾಗೆ.

ಊರಿಗೆಲ್ಲ ಗೊತ್ತು, ಮನೆ ಯಜಮಾನನಿಗೆ ಮಾತ್ರ ಗೊತ್ತಿಲ್ಲ ಎನ್ನುವ ಸ್ಥಿತಿ. ಹತ್ತು ನಿಮಿಷದಲ್ಲಿ ಅರ್ಧ ಆಸ್ಪತ್ರೆ ಕೌಂಟರಿನ ಬಳಿ ಸೇರಿತು. ಪರೀಕ್ಷೆಯಲ್ಲಿ ನಾನು ಮಲಗುವುದಿಲ್ಲ, ನನ್ನ ಕಣ್ಣು ಬಿಟ್ಟುಕೊಂಡೇ ಪಾಸಾಗುತ್ತೇನೆ ಎಂದು ಸೊಳ್ಳೆ ಶಪಥ ಮಾಡಿದ. ತಲೆಗೊಂದರಂತೆ ಸಲಹೆ ಬಂತು. ಔಷಧಿ ಅಂಗಡಿಯವನು ಮೂರು ಲೋಟ ಕಾಫಿ ಕುಡಿಸಿದ. ವಾರ್ಡಿನ ಆಯಾ ಕಿವಿಯ ಹಿಂದೆ ಐಸ್ ಇಟ್ಟಳು. ಲ್ಯಾಬಿನವರು ಔಷಧಿ ಬಾಟಲಿಯ ಮುಚ್ಚಳವೊಂದನ್ನು ಬಲಗಾಲಿನ ಶೂ ಒಳಗೆ ಹಾಕಿಕೊಟ್ಟು, ನಿದ್ದೆ ಬಂದರೆ ಒತ್ತು ಎಂದರು. ಎಲ್ಲರೂ ಒಳ್ಳೆಯದಾಗಲಿ ಎಂದು ಹರಸಿದಮೇಲೆ ಆಯಾ ಅವನನ್ನು ಪಕ್ಕಕ್ಕೆ ಕರೆದಳು.

"ಪರೀಕ್ಷೆ ಮುಗಿದಮೇಲೆ ಒಂದೈದು ನಿಮಿಷ ಮಲಗ್ತೀಯಾಪ್ಪ? ನಂಗೆ ಅವರನ್ನ ಒಂದು ವಿಷಯ ಕೇಳೋದಿತ್ತು."

ಸೊಳ್ಳೆ ಮೆಟ್ಟಿಲು ಹತ್ತಿದ. ಹತ್ತುವಾಗ ಮುಚ್ಚಳ ಚುಚ್ಚುತ್ತಿತ್ತು. ಆದರೂ ಹಿತವಾಯಿತು, ಆ ನೋವಾದರೂ ತನ್ನದೇ ಎನಿಸಿತು.

ಪರೀಕ್ಷೆಯ ಕೋಣೆಯಲ್ಲಿ ಪರದೆ ಎಳೆದಿತ್ತು. ಮೂಲೆಯಲ್ಲಿ ಮೇಡಂ, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಅಂದರೆ ತಲೆಯಲ್ಲಿ ಒಂದೂ ಕೂದಲಿಲ್ಲದ ಹಿರಿಯ ಡಾಕ್ಟರು. ನಡುವೆ ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ಬೀರುವಿನಷ್ಟು ದೊಡ್ಡ ಲಾರಿ ಡ್ರೈವರ್ ಕೂತಿದ್ದ. ಆಪರೇಷನ್ನಿಗೆ ಮುಂಚೆ ರಕ್ತ ಕೊಡಬೇಕಿದ್ದವನು ಸೂಜಿ ಕಂಡು ಮೂರು ಸಲ ಲ್ಯಾಬಿನಿಂದ ಓಡಿಹೋಗಿದ್ದ. ಅವನನ್ನು ಶಾಂತಗೊಳಿಸಿ ರಕ್ತ ತೆಗೆಯುವುದೇ ಇವತ್ತಿನ ಪರೀಕ್ಷೆ. ಸೊಳ್ಳೆಯನ್ನು ಕಂಡ ಡ್ರೈವರ್, ಅಯ್ಯೋ ಇವರಾ ಎಂದು ಮುಖವನ್ನು ಗೋಡೆಗೆ ತಿರುಗಿಸಿದ.

ಸೊಳ್ಳೆ ಎಣಿಸಿದ. ಏಳಕ್ಕೆ ರೆಪ್ಪೆ ಭಾರವಾಯಿತು, ಕಾಲು ಒತ್ತಿದ. ಆರಕ್ಕೆ ಪ್ರಾಣ ಹೋಗುವಷ್ಟು ಒತ್ತಿದ. ಜೀವನದಲ್ಲಿ ಮೊದಲ ಸಲ ಐದು ಎಂದ. ಆ ಐದನ್ನು ಹೇಳಿದಾಗ ಕಣ್ಣಲ್ಲಿ ನೀರು ಬಂತು, ನೋವಿಗೂ ಸಂತೋಷಕ್ಕೂ. ಒಂದರ ತನಕ ಎಣಿಸಿ, ನಿಮ್ಮ ಮೈ ಹಗುರಾಗಿದೆ, ನೀವು ಆಳವಾದ ವಿಶ್ರಾಂತಿಯಲ್ಲಿದ್ದೀರಿ ಎಂದ.

ಡ್ರೈವರ್ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಬೆವರುತ್ತಿದ್ದ. "ಆಯ್ತಾ? ನಾನು ಹೋಗಬಹುದಾ?" ಎಂದು ಗೋಡೆಯನ್ನು ಕೇಳಿದ.

ಪರೀಕ್ಷಕರು ಹಾಳೆಯ ಮೇಲೆ ಏನೋ ಚಿಕ್ಕದನ್ನು ಬರೆದರು. ಎರಡಂಕೆಯ ಉದ್ದವೂ ಅದಕ್ಕಿರಲಿಲ್ಲ. ಸೊಳ್ಳೆಗೆ ಮತ್ತೆ ಲ್ಯಾಬಿನ ಕುರ್ಚಿ ಕಣ್ಣಮುಂದೆ ಬಂತು, ಅದರ ಮುಂದೆ ಸಾಲಾಗಿ ತಿರುಗಿಕೊಂಡ ಮುಖಗಳು ಬಂದವು. ಆಗ ಮೇಡಂ ಎದ್ದು ಹತ್ತಿರ ಬಂದು, ಬಾಗಿ, ಮೆಲ್ಲಗೆ ಹೇಳಿದರು.

"ಆ ಶೂ ತೆಗೆದು ಇನ್ನೊಂದ್ಸಲ ಮಾಡಿ."

ಅಂದರೆ ಮೇಡಂಗೂ ಗೊತ್ತು. ಸೊಳ್ಳೆ ಅವರನ್ನು ನೋಡಿದ, ಹಾಳೆಯನ್ನು ನೋಡಿದ, ಡ್ರೈವರನ ದಪ್ಪ ಕುತ್ತಿಗೆಯನ್ನು ನೋಡಿದ. ಇವತ್ತೊಂದು ದಿನ ಮಲಗಿ ಪಾಸಾದರಾಯಿತು, ಮೇಲಿನ ಮಹಡಿಗೆ ಹೋದಮೇಲೆ ನಿಧಾನಕ್ಕೆ ಎಚ್ಚರವಿರುವುದನ್ನು ಕಲಿತುಕೊಳ್ಳೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿ ಶೂ ಕಳಚಿದ. ಹತ್ತು ಎಂದ. ಒಂಬತ್ತು ಎಂದ. ಎಂಟು ಎನ್ನುವಾಗ ತನ್ನ ಜೊತೆ ಇನ್ನೊಬ್ಬರು ಎಣಿಸುತ್ತಿರುವುದು ಕೇಳಿಸಿತು. ತನ್ನ ಬಾಯಿಂದಲೇ, ಒಂಚೂರು ಮುಂದಾಗಿ. ಏಳನ್ನು ಇಬ್ಬರೂ ಹೇಳಿದರು. ಆರನ್ನು ಅವರೊಬ್ಬರೇ ಹೇಳಿದರು.

ಎಚ್ಚರವಾದಾಗ ಒಂದು ಮುಖ ಅವನ ಮುಖದ ಎದುರು ಒಂದಡಿ ದೂರದಲ್ಲಿತ್ತು. ಲಾರಿ ಡ್ರೈವರ್ ಅವನನ್ನೇ, ಅವನ ಕಣ್ಣುಗಳನ್ನೇ ನೋಡುತ್ತ, ಅಮ್ಮನ ಮಡಿಲಿನ ಮಗುವಿನ ಹಾಗೆ ನಗುತ್ತಿದ್ದ. ಹದಿನೆಂಟು ವರ್ಷ ಕಾದದ್ದು ಇದಕ್ಕೇ. ಸೊಳ್ಳೆ ತಾನೂ ನಕ್ಕ. ಅವನು ನಕ್ಕದ್ದೇ ತಡ, ಡ್ರೈವರನ ನಗು ಕರಗಿತು.

"ಹೋಗ್ಬಿಟ್ರಾ?" ಎಂದು ಡ್ರೈವರ್ ಮುಖವನ್ನು ಮತ್ತೆ ಗೋಡೆಗೆ ತಿರುಗಿಸಿದ.

ಸೊಳ್ಳೆಯ ಕೈಯಲ್ಲಿ ತುಂಬಿದ ರಕ್ತದ ಟ್ಯೂಬಿತ್ತು. ಡ್ರೈವರನ ತೋಳಿಗೆ ಹತ್ತಿ ಅಚ್ಚುಕಟ್ಟಾಗಿ ಅಂಟಿಸಿತ್ತು. ಪರೀಕ್ಷಕರು ಕನ್ನಡಕ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು, ಅವರ ಕಣ್ಣೂ ಕೆಂಪಾಗಿತ್ತು. ತಮ್ಮ ಇಪ್ಪತ್ತು ವರ್ಷದ ಮಂಡಿ ನೋವು ಇಲ್ಲವಾಯಿತೆಂದು, ಕೇಳದೆಯೇ ಹೋಯಿತೆಂದು ಅವರು ಮೇಡಂಗೆ ಹೇಳುತ್ತಿದ್ದರು. ನೂರಕ್ಕೆ ತೊಂಬತ್ತನಾಲ್ಕು ಕೊಟ್ಟಿದ್ದರು. ಆರು ಅಂಕ ಕಳೆದದ್ದು ಅವನು ಕೊನೆಯಲ್ಲಿ ಎದ್ದದ್ದಕ್ಕೆ.

ನೋವಿನ ವಿಭಾಗದ ಕೆಲಸ ಅಲ್ಲಿಯೇ, ಆಗಲೇ ಕೊಟ್ಟರು. ಸೊಳ್ಳೆ ಉಬ್ಬಿಹೋದ. ಮೇಡಂ ನಿಯಮಗಳನ್ನು ವಿವರಿಸಿದರು. ಬೆಳಿಗ್ಗೆ ಒಂಬತ್ತಕ್ಕೆ ಬಂದು ಕುರ್ಚಿಯಲ್ಲಿ ಕೂತು ಆರರ ತನಕ ಎಣಿಸಿದರೆ ಅವನ ಕೆಲಸ ಮುಗಿಯಿತು. ಸಾಯಂಕಾಲ ಐದಕ್ಕೆ ಅವರೇ ಎಬ್ಬಿಸುತ್ತಾರೆ. ನಡುವೆ ಅವನು ಏಳುವುದು ಬೇಡ.

"ಮತ್ತೆ ನನ್ನ ಊಟ?" ಎಂದ ಸೊಳ್ಳೆ.

"ಅವರು ಮಾಡ್ತಾರಂತೆ, ಕೇಳಿದೀವಿ."

"ಪೇಷಂಟುಗಳು ಯಾರ ಮುಖ ನೋಡ್ತಾರೆ ಮೇಡಂ?"

"ನಿಮ್ಮದೇ" ಎಂದರು ಮೇಡಂ, ಪ್ರೀತಿಯಿಂದಲೇ. "ನೀವು ಇರಲ್ಲ ಅಷ್ಟೆ."

ಸೊಳ್ಳೆ ನೇಮಕದ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದೇ ಬಂದ. ಬಸ್ಸಿನಲ್ಲಿ ಕೂರಲು ಹೆದರಿಕೆಯಾಗಿತ್ತು, ಕೂತರೆ ಕಣ್ಣು ಮುಚ್ಚೀತು. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಒಂಬತ್ತರಿಂದ ಐದು ಅವರದು, ರಾತ್ರಿ ನಿದ್ದೆಯದು, ಉಳಿಯುವುದು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಬೇಡವೇ ಬೇಡ ಎಂದು ನಿರ್ಧರಿಸಿದ. ನಾಳೆ ಪತ್ರ ವಾಪಸ್ ಕೊಟ್ಟು ಲ್ಯಾಬಿಗೇ ಹೋಗುತ್ತೇನೆ. ಜನ ತಿರುಗಿಕೊಂಡರೆ ತಿರುಗಿಕೊಳ್ಳಲಿ, ತಿರುಗಿಕೊಂಡದ್ದನ್ನು ನೋಡಲಾದರೂ ನಾನಿರುತ್ತೇನಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಟೈಲರಕ್ಕ ಆಗಲೇ ಎಲ್ಲ ಹೇಳಿರಬೇಕು. ಅವನು ಒಂದೇ ಉಸಿರಿಗೆ ಬೆಳಗಿನಿಂದ ಆದದ್ದನ್ನೆಲ್ಲ ಒದರಿದ. ನಾನು ಯಾರಿಗೂ ಬೇಡ, ಎಲ್ಲರಿಗೂ ಅವನೇ ಬೇಕು, ಈ ಮನೆಯಲ್ಲಾದರೂ ನಾನು ನಾನಾಗಿರಬೇಕು ಎಂದ. ಹೆಂಡತಿ ಅವನನ್ನು ಕುರ್ಚಿಯಲ್ಲಿ ಕೂರಿಸಿದಳು, ನೀರು ಕೊಟ್ಟಳು, ನಾಳೆ ಪತ್ರ ವಾಪಸ್ ಕೊಟ್ಟುಬಿಡಿ ಎಂದಳು. ತಾನೂ ಒಂದು ಕುರ್ಚಿ ಎಳೆದುಕೊಂಡು ಎದುರು ಕೂತು ಅವನ ಎರಡೂ ಕೈ ಹಿಡಿದುಕೊಂಡಳು.

"ಇಷ್ಟು ದಿನ ನಿಮ್ಮನ್ನ ಸರಿಯಾಗಿ ನೋಡಲೇ ಇಲ್ಲ ಕಣ್ರೀ" ಎಂದಳು. "ಎಲ್ಲಿ, ನನ್ನ ಕಣ್ಣು ನೋಡಿ."

ಅವನು ನೋಡಿದ. ಅವಳು ರೆಪ್ಪೆ ಬಡಿಯದೆ ಅವನ ಕಣ್ಣನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಹೀಗೆ ನೋಡಿದವಳಲ್ಲ. ಅವನ ಎದೆಯ ಭಾರವೆಲ್ಲ ಇಳಿಯಿತು, ಮೈ ಬೆಚ್ಚಗಾಯಿತು, ಜಗತ್ತಿನಲ್ಲಿ ಒಬ್ಬರಾದರೂ ಸಾಕು ಎನಿಸಿ ಕಣ್ಣು ತುಂಬಿತು. ಅವಳು ತುಂಬ ಮೆಲ್ಲಗೆ ಏನೋ ಹೇಳುತ್ತಿದ್ದಳು. ಕೇಳಲು ಎಷ್ಟು ಹಿತವಾಗಿತ್ತೆಂದರೆ, ಅದು ಎಣಿಕೆ ಎಂದು ಅವನಿಗೆ ಹೊಳೆಯುವಾಗ ಅವಳು ಏಳಕ್ಕೆ ಬಂದಿದ್ದಳು.